‘ನಿಮ್ಮ ಕಾಲ ಮೇಲೆ ನೀವು ನಿಲ್ಲುವುದು ಯಾವಾಗ?’ ಎಂದು ಕೇಳುವವರಿಗೆ ಒಂದು ಬಹಿರಂಗ ಪತ್ರ

ಪುಟ್ಟ ಮಕ್ಕಳ ಆರೈಕೆ ಮತ್ತು ಕಲಿಕೆಗಾಗಿ ದುಡಿಯುವ ಸಂಸ್ಥೆಗಳಿಗೆ ಹಣ ಕೊಡುವ ಪ್ರತಿಷ್ಠಾನಗಳ ಟ್ರಸ್ಟಿಗಳಿಗೆ, ಕಂಪನಿಗಳ ದೇಣಿಗೆ ವಿಭಾಗದವರಿಗೆ, ಅನುದಾನ ಮಂಜೂರು ಮಾಡುವ ಅಧಿಕಾರಿಗಳಿಗೆ,

ಮಾನ್ಯರೇ,

ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳಿಗಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಹದಿನೇಳು ವರ್ಷದಿಂದ ಬರೆಯುತ್ತಿದ್ದೇನೆ. ನಿಮ್ಮಂಥವರ ಎದುರು ಕೂತು ಬಜೆಟ್ ವಿವರಿಸಿದ್ದೇನೆ, ನೀವು ಕೊಟ್ಟ ನಮೂನೆಗೆ ನಮ್ಮ ಖರ್ಚನ್ನು ಹೊಂದಿಸಿದ್ದೇನೆ, ವರ್ಷದ ಕೊನೆಯ ರಾತ್ರಿ ಕೂತು ವರದಿ ಕಳಿಸಿದ್ದೇನೆ. ಹೆಚ್ಚುಕಡಿಮೆ ಪ್ರತಿ ಸಭೆಯ ಕೊನೆಗೂ ಒಂದು ಪ್ರಶ್ನೆ ಬರುತ್ತದೆ: ‘ನಿಮ್ಮ ಕಾಲ ಮೇಲೆ ನೀವು ನಿಲ್ಲುವುದು ಯಾವಾಗ?’ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ‘ಮೂರು ವರ್ಷದಲ್ಲಿ’ ಎನ್ನುತ್ತೇವೆ. ನೀವು ಬರೆದುಕೊಳ್ಳುತ್ತೀರಿ. ಆ ಉತ್ತರ ನಿಜವಲ್ಲ ಎಂದು ನಮಗೂ ಗೊತ್ತು, ಬಹುಶಃ ನಿಮಗೂ ಗೊತ್ತು. ನಿಜವಾದ ಉತ್ತರ ಕೊಡಲು ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಲೆಕ್ಕ ನೋಡುತ್ತಿದ್ದ ಒಂದು ಕೇಂದ್ರಕ್ಕೆ ಬರುತ್ತಿದ್ದ ಅನುದಾನ ಆರ್ಥಿಕ ವರ್ಷದ ಕೊನೆಗೆ ಮುಗಿಯಿತು. ಮುಂದಿನದು ಮಂಜೂರಾಗಿತ್ತು, ಪತ್ರವೂ ಕೈಗೆ ಬಂದಿತ್ತು. ಹಣ ಬಂದದ್ದು ಐದು ತಿಂಗಳ ಮೇಲೆ. ಮೊದಲ ಎರಡು ತಿಂಗಳ ಸಂಬಳವನ್ನು ಅಲ್ಲಿ ಇಲ್ಲಿ ಹೊಂದಿಸಿದೆವು. ಮೂರನೇ ತಿಂಗಳು ಕೈ ಬರಿದಾಯಿತು. ಎರಡು ವರ್ಷದ ಮಕ್ಕಳ ಕೋಣೆಯಲ್ಲಿದ್ದ ಇಬ್ಬರು ಶಿಕ್ಷಕಿಯರಲ್ಲಿ ಒಬ್ಬರು ಬೇರೆ ಕಡೆ ಕೆಲಸ ನೋಡಿಕೊಂಡರು. ಅವರ ಮನೆಗೆ ಆ ಸಂಬಳವೊಂದೇ ಆಧಾರ, ಅವರನ್ನು ದೂರುವ ಮಾತೇ ಇಲ್ಲ. ಅವರು ಹೋದ ಮಾರನೇ ದಿನ ಯಾವುದೋ ರಸೀದಿ ಪುಸ್ತಕಕ್ಕಾಗಿ ನಾನು ಆ ಕೋಣೆಗೆ ಹೋಗಿದ್ದೆ. ಮಕ್ಕಳೆಲ್ಲ ಸುತ್ತ ಕೂತು ಹಾಡು ಹೇಳುವ ಹೊತ್ತು. ಇನ್ನೂ ಎರಡೂವರೆ ತುಂಬದ ಒಂದು ಮಗು ಆ ಶಿಕ್ಷಕಿ ಕೂರುತ್ತಿದ್ದ ಮರದ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಎಳೆದು ತಂದು, ಅವರ ಜಾಗದಲ್ಲೇ ಇಟ್ಟಿತು. ಪಕ್ಕದಲ್ಲಿ ಕೂತಿತು. ಬಾಗಿಲ ಕಡೆ ನೋಡಿತು. ಇನ್ನೊಬ್ಬ ಶಿಕ್ಷಕಿ ಕರೆದರೂ ಏಳಲಿಲ್ಲ. ಒಂಬತ್ತು ದಿನ ಹೀಗೇ ನಡೆಯಿತಂತೆ. ಹತ್ತನೇ ದಿನ ಮಗು ಸ್ಟೂಲಿನ ಹತ್ತಿರ ಹೋಗಲಿಲ್ಲ. ಸದ್ಯ ಮರೆಯಿತಲ್ಲ ಎಂದು ಆ ಕೋಣೆಯಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ.

ಆಮೇಲೆ ಹಣ ಬಂತು. ಆ ವರ್ಷ ನಾನು ಕಳಿಸಿದ ವರದಿಯಲ್ಲಿ ‘ಸಿಬ್ಬಂದಿ ಬದಲಾವಣೆ: 1’ ಎಂದಿದೆ. ನಮೂನೆಯಲ್ಲಿ ಇದ್ದದ್ದು ಅಷ್ಟೇ ಜಾಗ.

ಈ ಕೆಲಸದಲ್ಲಿ ಹಣ ಎಲ್ಲಿ ಹೋಗುತ್ತದೆ ಎನ್ನುವುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನಾನು ನೋಡಿದ ಯಾವ ಕೇಂದ್ರದಲ್ಲೂ ಖರ್ಚಿನ ದೊಡ್ಡ ಪಾಲು ಒಂದೇ: ಮಕ್ಕಳ ಜೊತೆ ಇರುವವರ ಸಂಬಳ. ಇದನ್ನು ಕಡಿಮೆ ಮಾಡುವ ದಾರಿ ಇಲ್ಲ. ಇಂಗ್ಲೆಂಡಿನ ನಿಯಮದ ಪ್ರಕಾರ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲೇಬೇಕು. ಎರಡು ವರ್ಷದ ಮಕ್ಕಳಿಗೆ ನಾಲ್ಕಕ್ಕೆ ಒಬ್ಬರು ಎಂದಿದ್ದುದನ್ನು 2023ರಲ್ಲಿ ಐದಕ್ಕೆ ಒಬ್ಬರು ಎಂದು ಸಡಿಲಿಸಿದರು, ಅದಕ್ಕೇ ಎಷ್ಟೋ ಪೋಷಕರು, ಶಿಕ್ಷಕಿಯರು ಆತಂಕಪಟ್ಟರು. ಹನ್ನೆರಡು ಎಳೆಗೂಸು ಎಂದರೆ ನಾಲ್ಕು ಜನ. ಒಬ್ಬರು ರಜೆ ಹಾಕಿದರೆ ಐದನೆಯವರು ಬೇಕು. ಎಂಥ ತಂತ್ರಜ್ಞಾನ ಬಂದರೂ ಒಬ್ಬರೇ ಹನ್ನೆರಡು ಕೂಸುಗಳನ್ನು ಎತ್ತಿಕೊಳ್ಳಲಾಗದು.

ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ 1960ರ ದಶಕದಲ್ಲಿ ಸಂಗೀತಗಾರರನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸಿದ್ದರು. ನಾಲ್ವರು ಸೇರಿ ನುಡಿಸುವ ಒಂದು ಕೃತಿಗೆ ಇನ್ನೂರು ವರ್ಷದ ಹಿಂದೆ ಎಷ್ಟು ಜನ, ಎಷ್ಟು ನಿಮಿಷ ಬೇಕಿತ್ತೋ ಇವತ್ತೂ ಅಷ್ಟೇ ಬೇಕು. ಆದರೆ ಯಂತ್ರಗಳಿಂದ ಬೇರೆ ಕ್ಷೇತ್ರಗಳಲ್ಲಿ ಉತ್ಪಾದನೆ ಹೆಚ್ಚಿ ಅಲ್ಲಿನ ಸಂಬಳ ಏರಿದ ಹಾಗೆ ಸಂಗೀತಗಾರರ ಸಂಬಳವನ್ನೂ ಏರಿಸಲೇಬೇಕು, ಇಲ್ಲವಾದರೆ ನುಡಿಸುವವರೇ ಉಳಿಯುವುದಿಲ್ಲ. ಮಗುವಿನ ಆರೈಕೆಯೂ ಹಾಗೆಯೇ. ವರ್ಷ ಕಳೆದಂತೆ ಖರ್ಚು ಇಳಿಯಬೇಕು ಎಂದು ನೀವು ನಿರೀಕ್ಷಿಸುತ್ತೀರಿ, ಅದು ಏರುತ್ತದೆ. ಇದು ನಿರ್ವಹಣೆಯ ದೋಷವಲ್ಲ, ಕೆಲಸದ ಸ್ವಭಾವ.

ಇನ್ನು ಈ ಹಣವನ್ನು ಯಾರು ಕೊಡಬೇಕು? ಮಗು ಕೊಡುವುದಿಲ್ಲ. ಅದರ ತಂದೆತಾಯಿ ತಮ್ಮ ಬದುಕಿನಲ್ಲೇ ಅತಿ ಕಡಿಮೆ ಸಂಪಾದಿಸುವ ವರ್ಷಗಳಲ್ಲಿ ಇರುತ್ತಾರೆ. ಫೀಸು ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಹಾಕಿ ನೋಡಿದ್ದೇವೆ. ಫೀಸು ಏರಿಸಿದ ತಿಂಗಳು ಹಾಜರಿ ಪುಸ್ತಕದಿಂದ ಮೊದಲು ಮಾಯವಾಗುವ ಹೆಸರು, ಯಾವ ಮಗುವಿಗಾಗಿ ಕೇಂದ್ರ ತೆರೆದಿದ್ದೆವೋ ಆ ಮಗುವಿನದೇ. ಉಳಿದ ಮಕ್ಕಳಿಂದ ಕೇಂದ್ರ ನಡೆಯುತ್ತದೆ, ಲೆಕ್ಕವೂ ಸರಿಹೋಗುತ್ತದೆ, ಸಂಸ್ಥೆ ತನ್ನ ಕಾಲ ಮೇಲೆ ನಿಂತಿದೆ ಎಂದು ನೀವು ಸಂತೋಷಪಡುತ್ತೀರಿ. ಆದರೆ ಅದು ಆಗ ಬೇರೆಯೇ ಸಂಸ್ಥೆ.

ಲಾಭವಿಲ್ಲದ ಕೆಲಸವಂತೂ ಇದಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986–87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬೆಳವಣಿಗೆ ಕುಂಠಿತವಾಗಿದ್ದ 129 ಎಳೆಮಕ್ಕಳನ್ನು ಗುರುತಿಸಿದರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕೂತು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನ ಜೊತೆ ಆಡುವುದನ್ನು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ನಂತರ ಹುಡುಕಿ ನೋಡಿದರೆ, ಆ ಭೇಟಿ ಸಿಕ್ಕಿದ್ದ ಮಕ್ಕಳು ಸಿಗದವರಿಗಿಂತ ಶೇ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಅಮೆರಿಕದ ಮಿಷಿಗನ್‌ನಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಶಾಲಾಪೂರ್ವ ಪ್ರಯೋಗವನ್ನು ನೀವು ನಿಮ್ಮ ಭಾಷಣಗಳಲ್ಲಿ ಉಲ್ಲೇಖಿಸುವುದನ್ನು ಕೇಳಿದ್ದೇನೆ. 123 ಮಕ್ಕಳ ಅಧ್ಯಯನ ಅದು, 58 ಮಕ್ಕಳು ಆ ಶಾಲೆಗೆ ಹೋದವರು. ಹಾಕಿದ ಹಣ ವರ್ಷಕ್ಕೆ ಶೇ 7ರಿಂದ 10ರ ದರದಲ್ಲಿ ಸಮಾಜಕ್ಕೆ ವಾಪಸು ಬಂದಿದೆ ಎಂದು ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಮತ್ತು ಸಹೋದ್ಯೋಗಿಗಳು ಲೆಕ್ಕ ಹಾಕಿದರು. ಆ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನೂ ಹೇಳಬೇಕು: ಪೆರಿಯಲ್ಲಿ ಐದಾರು ಮಕ್ಕಳಿಗೆ ಒಬ್ಬ ತರಬೇತಾದ ಶಿಕ್ಷಕಿ ಇದ್ದರು, ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೂ ಹೋಗುತ್ತಿದ್ದರು. ಮೊದಲ ಅಂಕಿ ಹುಟ್ಟಿದ್ದು ಎರಡನೆಯದರಿಂದ.

ಲಾಭ ಇದೆ, ಆದರೆ ಅದು ಬರುವುದು ಇಪ್ಪತ್ತು, ನಲವತ್ತು ವರ್ಷದ ಮೇಲೆ. ಅದೂ ಸಂಸ್ಥೆಗೆ ಬರುವುದಿಲ್ಲ. ಆ ಮಗು ಮುಂದೆ ಕಟ್ಟುವ ತೆರಿಗೆಯಲ್ಲಿ, ಸೇರದೆ ಉಳಿಯುವ ಆಸ್ಪತ್ರೆಯಲ್ಲಿ, ನಡೆಸುವ ಸಂಸಾರದಲ್ಲಿ ಹಂಚಿಹೋಗುತ್ತದೆ. ಬಿತ್ತಿದವರು ಒಬ್ಬರು, ಕೊಯ್ಯುವವರು ಊರಿಗೆ ಊರೇ. ಹಾಗಿರುವಾಗ ಬಿತ್ತಿದವರನ್ನು ಕರೆದು ಮುಂದಿನ ವರ್ಷದ ಬೀಜವನ್ನು ನೀವೇ ಹೊಂದಿಸಿಕೊಳ್ಳಿ ಎನ್ನುವುದು ಸರಿಯಾದ ಲೆಕ್ಕವಲ್ಲ. ಲೆಕ್ಕ ಬರೆಯುವವನಾಗಿ ಇದನ್ನು ಹೇಳುತ್ತಿದ್ದೇನೆ.

ನಿಮ್ಮ ಕಾಲ ಮೇಲೆ ನಿಲ್ಲಿ ಎನ್ನುವ ಮಾತಿಗೆ ಪುಟ್ಟ ಮಕ್ಕಳ ಕ್ಷೇತ್ರದಲ್ಲಿ ಬೇರೆ ಅರ್ಥವನ್ನೇ ಹುಡುಕಬೇಕು. ಸ್ವಂತ ಸಂಪಾದನೆ ಎಂಬ ಅರ್ಥ ಇಲ್ಲಿ ಹೊಂದುವುದಿಲ್ಲ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುತ್ತದೆ, ಅದೇ ಶಿಕ್ಷಕಿ ಅದೇ ಸ್ಟೂಲಿನ ಮೇಲೆ ಕೂತಿರುತ್ತಾರೆ ಎಂದು ಮಗುವಿಗೆ ಖಾತ್ರಿ ಇದ್ದರೆ ಆ ಸಂಸ್ಥೆ ಆರ್ಥಿಕವಾಗಿ ಗಟ್ಟಿ ಎಂದು ನಾನು ಬರೆದುಕೊಳ್ಳುತ್ತೇನೆ. ಹಣ ಎಲ್ಲಿಂದ ಬಂತು ಎನ್ನುವುದು ಅದರ ನಂತರದ ಪ್ರಶ್ನೆ.

ಇದನ್ನು ನನಗೆ ಅರ್ಥ ಮಾಡಿಸಿದ್ದು ಇಟಲಿಯ ಒಂದು ಕತೆ. 1945ರಲ್ಲಿ, ಯುದ್ಧ ಮುಗಿದ ಕೂಡಲೇ, ರೆಜಿಯೊ ಎಮಿಲಿಯಾ ಹತ್ತಿರದ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯ ಜನ ಮಕ್ಕಳಿಗೊಂದು ಶಾಲೆ ಕಟ್ಟಲು ಹೊರಟರು. ಕೈಯಲ್ಲಿ ಕಾಸಿರಲಿಲ್ಲ. ಜರ್ಮನ್ ಸೈನ್ಯ ಬಿಟ್ಟುಹೋಗಿದ್ದ ಒಂದು ಟ್ಯಾಂಕು, ಕೆಲವು ಲಾರಿ, ಕುದುರೆಗಳನ್ನು ಮಾರಿ ಆ ದುಡ್ಡಿನಲ್ಲಿ ಶುರು ಮಾಡಿದರು. ಲೋರಿಸ್ ಮಲಗುಝಿ ಎಂಬ ತರುಣ ಶಿಕ್ಷಕ ಸುದ್ದಿ ಕೇಳಿ ಸೈಕಲ್ ತುಳಿದುಕೊಂಡು ನೋಡಲು ಬಂದ, ಜೀವಮಾನವಿಡೀ ಆ ಕೆಲಸದಲ್ಲೇ ಉಳಿದ. ಟ್ಯಾಂಕಿನ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಟ್ಯಾಂಕು ಮಾರಿದ ಹಣ ಗೋಡೆ ಎಬ್ಬಿಸಿತು, ಅಷ್ಟೇ. ಸಂಬಳಕ್ಕೆ ಪ್ರತಿ ತಿಂಗಳೂ ಮಾರಲು ಟ್ಯಾಂಕುಗಳಿರಲಿಲ್ಲ. ತಾಯಂದಿರು, ತಂದೆಯಂದಿರು ವರ್ಷಗಟ್ಟಲೆ ನಗರಸಭೆಯ ಬೆನ್ನು ಹತ್ತಿದರು. 1963ರಲ್ಲಿ ನಗರಸಭೆ ತನ್ನದೇ ಮೊದಲ ಶಿಶುಶಾಲೆ ತೆರೆಯಿತು. ಇಂದು ಪ್ರಪಂಚದ ಮೂಲೆಮೂಲೆಯಿಂದ ಜನ ಅಲ್ಲಿನ ಶಾಲೆಗಳನ್ನು ನೋಡಲು ಹೋಗುತ್ತಾರೆಂದರೆ, ಅದಕ್ಕೆ ಆ ಜನರ ಛಲ ಎಷ್ಟು ಕಾರಣವೋ ವರ್ಷ ವರ್ಷ ತಪ್ಪದೆ ಬಂದ ಸಾರ್ವಜನಿಕ ಹಣವೂ ಅಷ್ಟೇ ಕಾರಣ.

ಸರ್ಕಾರದ ಹಣ ಬಂದ ಮಾತ್ರಕ್ಕೆ ಗೆದ್ದ ಹಾಗೂ ಅಲ್ಲ. ಇಂಗ್ಲೆಂಡಿನಲ್ಲಿ ಪುಟ್ಟ ಮಕ್ಕಳಿಗೂ ಅವರ ಮನೆಯವರಿಗೂ ಸರ್ಕಾರದ ಹಣದಿಂದ 1999ರಿಂದ ನಡೆದ ಶ್ಯೂರ್ ಸ್ಟಾರ್ಟ್ ಕೇಂದ್ರಗಳು 2010ರ ಹೊತ್ತಿಗೆ ಮೂರೂವರೆ ಸಾವಿರ ಮೀರಿದ್ದವು. ಅದಾದ ಮೇಲೆ, ಬೇರೆಯದಕ್ಕೆ ಬಳಸಬಾರದೆಂದು ಆ ಹಣಕ್ಕಿದ್ದ ಬೇಲಿ ತೆಗೆದರು. ಸ್ಥಳೀಯ ಆಡಳಿತಗಳ ಬಜೆಟ್ಟೂ ಕುಗ್ಗಿತು, ಸಾವಿರಕ್ಕೂ ಹೆಚ್ಚು ಕೇಂದ್ರಗಳು ಮುಚ್ಚಿದವು. 2024ರಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಸಂಶೋಧಕರು ಹತ್ತಿರದಲ್ಲಿ ಕೇಂದ್ರವಿದ್ದ ಮಕ್ಕಳು ಹದಿನಾರನೇ ವಯಸ್ಸಿನ ಶಾಲಾ ಪರೀಕ್ಷೆಯಲ್ಲಿ ಉತ್ತಮವಾಗಿ ಮಾಡಿದ್ದಾರೆ, ಬಡ ಮನೆಗಳ ಮಕ್ಕಳಿಗಂತೂ ಇನ್ನೂ ಹೆಚ್ಚು ಪ್ರಯೋಜನವಾಗಿದೆ ಎಂದು ತೋರಿಸಿದರು. ಆ ಫಲ ಬಂದದ್ದು ಮೊದಲ ವರ್ಷಗಳಲ್ಲಿ ಕೈತುಂಬ ಹಣದೊಂದಿಗೆ ತೆರೆದ ಕೇಂದ್ರಗಳಿಂದ. ನಂತರ ತೆಳುವಾಗಿ ಹರಡಿದ ಹಣದಿಂದ ತೆರೆದ ಕೇಂದ್ರಗಳಲ್ಲಿ ಅದು ಕಾಣಲಿಲ್ಲ. ವರದಿ ಬರುವಷ್ಟರಲ್ಲಿ ಎಷ್ಟೋ ಬಾಗಿಲುಗಳಿಗೆ ಬೀಗ ಬಿದ್ದು ಹತ್ತು ವರ್ಷ ದಾಟಿತ್ತು. ಮೂರು ವರ್ಷದ ಅನುದಾನದ ಕೊನೆಗೆ ಪರಿಣಾಮ ತೋರಿಸಿ ಎಂದು ನೀವು ಕೇಳುವಾಗಲೆಲ್ಲ ನನಗೆ ಆ ಬೀಗಗಳು ನೆನಪಾಗುತ್ತವೆ.

ಈಗ ನಿಮಗೂ ನಮಗೂ ಜಗ್ಗಾಟ ನಡೆಯುವ ಕಾಲಂಗೆ ಬರುತ್ತೇನೆ: ಆಡಳಿತ ವೆಚ್ಚ. ಯೋಜನೆಯ ಖರ್ಚಿಗೆ ಕೊಡುತ್ತೇವೆ, ಆಡಳಿತಕ್ಕೆ ಇಷ್ಟಕ್ಕಿಂತ ಹೆಚ್ಚು ಇಲ್ಲ ಎನ್ನುತ್ತೀರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ದಾನದ ಹಣದಲ್ಲಿ ಕಚೇರಿ ಸಿಂಗರಿಸಿಕೊಂಡವರನ್ನು ನಾನೂ ಕಂಡಿದ್ದೇನೆ. ಆದರೆ ನಮ್ಮಲ್ಲಿ ಆ ಕಾಲಂನೊಳಗೆ ಏನಿದೆ ನೋಡಿ. ಮಗುವನ್ನು ಯಾರು ಕರೆದೊಯ್ಯಬಹುದು ಎಂಬ ದಾಖಲೆ ಇಡುವವರು, ಹೊಸ ಶಿಕ್ಷಕಿಯ ಹಿನ್ನೆಲೆ ಪರಿಶೀಲಿಸುವವರು, ತಿಂಗಳಿಗೊಮ್ಮೆ ಕೋಣೆಯಲ್ಲಿ ಕೂತು ಗಮನಿಸಿ ಆಮೇಲೆ ಶಿಕ್ಷಕಿಯ ಜೊತೆ ಮಾತಾಡುವ ಮೇಲ್ವಿಚಾರಕಿ, ಬಾಡಿಗೆ, ಮತ್ತು ನಿಮಗೇ ವರದಿ ಬರೆಯುವ ನನ್ನ ಸಂಬಳ. ಒಂದು ಕೇಂದ್ರದ ಮೇಲ್ವಿಚಾರಕಿಯ ಸಂಬಳವನ್ನು ನಾನು ಎಷ್ಟೋ ವರ್ಷ ಮೂರು ಅನುದಾನಗಳಿಗೆ 33, 33, 34 ಎಂದು ಸೀಳಿ ಬರೆದಿದ್ದೇನೆ. ಮೂರರಲ್ಲಿ ಒಂದು ನಿಂತ ವರ್ಷ ಆಕೆ ಮೂರನೇ ಎರಡು ಭಾಗ ಮನುಷ್ಯಳಾಗಲಿಲ್ಲ. ಪೂರ್ತಿ ಕೆಲಸವನ್ನೇ ಮಾಡಿದರು, ಕಡಿಮೆ ಸಂಬಳಕ್ಕೆ.

ಇದು ನಮ್ಮೊಬ್ಬರ ಪಾಡಲ್ಲ. 2009ರಲ್ಲಿ ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೊವಾರ್ಡ್ ಎಂಬ ಅಮೆರಿಕದ ಇಬ್ಬರು ಒಂದು ಲೇಖನದಲ್ಲಿ ಇದನ್ನು ಹಸಿವಿನ ಚಕ್ರ ಎಂದು ಕರೆದರು. ಹಣ ಕೊಡುವವರು ಆಗದಷ್ಟು ಕಡಿಮೆ ಆಡಳಿತ ವೆಚ್ಚ ನಿರೀಕ್ಷಿಸುತ್ತಾರೆ, ಸಂಸ್ಥೆಗಳು ಹೊಟ್ಟೆ ಕಟ್ಟಿಕೊಂಡು ಅಷ್ಟರಲ್ಲೇ ಮಾಡಿದಂತೆ ಬರೆದು ತೋರಿಸುತ್ತವೆ, ಅದನ್ನು ಓದಿ ಮುಂದಿನ ಸಲ ನಿರೀಕ್ಷೆ ಇನ್ನೂ ಕೆಳಗಿಳಿಯುತ್ತದೆ. 2013ರಲ್ಲಿ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಮೂರು ಅಮೆರಿಕನ್ ಸಂಸ್ಥೆಗಳು ದಾನಿಗಳಿಗೆ ಒಂದು ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಶೇಕಡಾವಾರು ಒಂದರಿಂದಲೇ ಸಂಸ್ಥೆಯನ್ನು ಅಳೆಯಬೇಡಿ ಎಂದವು. ದಾನಸಂಸ್ಥೆಗಳನ್ನು ತೂಗಿ ನೋಡಿ ದಾನಿಗಳಿಗೆ ತಿಳಿಸುವುದೇ ಅವುಗಳ ಕೆಲಸ, ಆದ್ದರಿಂದ ಆ ಮಾತಿಗೆ ತೂಕವಿತ್ತು. ಇಷ್ಟು ವರ್ಷವಾದರೂ ನನ್ನ ಮೇಜಿಗೆ ಬರುವ ನಮೂನೆಗಳು ಮಾತ್ರ ಬದಲಾಗಿಲ್ಲ.

ತಪ್ಪು ನಮ್ಮದೂ ಇದೆ, ಅದನ್ನು ಮುಚ್ಚಿಟ್ಟು ನಿಮಗೆ ಪತ್ರ ಬರೆಯುವುದು ನ್ಯಾಯವಲ್ಲ. ಒಂದು ಮಗುವಿನ ಒಂದು ವರ್ಷದ ನಿಜವಾದ ಖರ್ಚು ಎಷ್ಟು ಎಂದು ಕೇಳಿದರೆ ತಟ್ಟನೆ ಹೇಳಬಲ್ಲ ಸಂಸ್ಥೆಗಳು ಕಡಿಮೆ. ಅನುದಾನ ಸಿಗುತ್ತದೆ ಎಂದರೆ ನಮಗೆ ಸಂಬಂಧವಿಲ್ಲದ ಯೋಜನೆಗೂ ಕೈ ಚಾಚಿದ್ದೇವೆ. ಖರ್ಚಿಗಿಂತ ಕಡಿಮೆ ಹಣಕ್ಕೆ ಒಪ್ಪಿಕೊಂಡು, ಆ ಕೊರತೆಯನ್ನು ಶಿಕ್ಷಕಿಯರ ಸಂಬಳದಿಂದ ತುಂಬಿದ್ದೇವೆ. ಈ ಕ್ಷೇತ್ರದ ದೊಡ್ಡ ದಾನಿಗಳು ಯಾರು ಎಂದು ನನ್ನನ್ನು ಕೇಳಿದರೆ, ಕಡಿಮೆ ಸಂಬಳಕ್ಕೆ ದುಡಿದ ಆ ಹೆಂಗಸರ ಹೆಸರನ್ನೇ ಮೊದಲು ಹೇಳುತ್ತೇನೆ. ಒಬ್ಬರೇ ದಾನಿಯನ್ನು ನೆಚ್ಚಿಕೊಂಡು ಕೂತ ಸಂಸ್ಥೆಗಳಿಗೂ ಲೆಕ್ಕ ಬರೆದಿದ್ದೇನೆ. ಆ ದಾನಿಯ ಆಸಕ್ತಿ ಬೇರೆ ಕಡೆ ತಿರುಗಿದ ವರ್ಷ ಅವು ಉಳಿಯಲಿಲ್ಲ.

ಸ್ವಂತ ಆದಾಯದ ದಾರಿಗಳೇ ಇಲ್ಲ ಎಂದಲ್ಲ. ಬೇರೆ ಸಂಸ್ಥೆಗಳ ಶಿಕ್ಷಕಿಯರಿಗೆ ತರಬೇತಿ ಕೊಟ್ಟು ಶುಲ್ಕ ಪಡೆಯಬಹುದು. ಕೆಲಸಗಾರರ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಅವರ ಮಾಲೀಕರಿಂದ ಹಣ ಪಡೆಯಬಹುದು. ಆದಾಯಕ್ಕೆ ತಕ್ಕ ಫೀಸು ಇಟ್ಟು, ಇರುವವರು ಪೂರ್ತಿ ಕೊಟ್ಟರೆ ಇಲ್ಲದವರ ಪಾಲು ಸ್ವಲ್ಪ ತೂಗುತ್ತದೆ. ತಿಂಗಳಿಗೆ ಸಣ್ಣ ಮೊತ್ತ ಕೊಡುವ ನೂರಾರು ಜನ ಒಬ್ಬ ದೊಡ್ಡ ದಾನಿಗಿಂತ ಹೆಚ್ಚು ಕಾಲ ಜೊತೆಗಿರುತ್ತಾರೆ, ಇದು ನನ್ನ ಅನುಭವ. ಆದರೆ ಇವೆಲ್ಲ ಸೇರಿದರೂ ನಾನು ಕಂಡ ಹಾಗೆ ಖರ್ಚಿನ ಒಂದು ಭಾಗ ತುಂಬುತ್ತದೆಯೇ ಹೊರತು ಪೂರ್ತಿ ಅಲ್ಲ. ಫಲಿತಾಂಶ ಬಂದರೆ ಹೂಡಿಕೆದಾರರಿಗೆ ಸರ್ಕಾರ ಹಣ ಹಿಂತಿರುಗಿಸುವ ಸಾಮಾಜಿಕ ಬಾಂಡ್‌ಗಳ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಉತ್ಸಾಹವಿದೆ. 2013ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಶಾಲಾಪೂರ್ವ ಶಿಕ್ಷಣಕ್ಕೆ ಅಂಥದೊಂದು ಶುರುವಾಯಿತು. ಮುಂದೆ ವಿಶೇಷ ಶಿಕ್ಷಣ ಬೇಕಾಗಬಹುದು ಎಂದು ಗುರುತಿಸಿದ್ದ 110 ಮಕ್ಕಳಲ್ಲಿ ಒಂದೇ ಮಗುವಿಗೆ ಅದು ಬೇಕಾಯಿತು ಎಂದು ಲೆಕ್ಕ ತೋರಿಸಿ ಹಣ ಪಾವತಿಯಾಯಿತು. ಗುರುತಿಸಿದ ವಿಧಾನವೇ ಸರಿಯಿರಲಿಲ್ಲ, ಆ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಮೊದಲೇ ಅದರ ಅಗತ್ಯ ಬೀಳುತ್ತಿರಲಿಲ್ಲ ಎಂದು ತಜ್ಞರು ಆಕ್ಷೇಪಿಸಿದರು. ಎಳೆಮಕ್ಕಳ ಮೇಲೆ ಒಂದೇ ಅಂಕಿಯ ಪಣ ಕಟ್ಟುವ ಮೊದಲು ಹತ್ತು ಸಲ ಯೋಚಿಸಿ ಎಂದು ಬೇಡಿಕೊಳ್ಳುತ್ತೇನೆ.

ನಾನು ಕೇಳುವುದು ಇಷ್ಟು. ಪೂರ್ತಿ ಖರ್ಚು ಕೊಡಿ. ನಿಮ್ಮ ಹಣಕ್ಕೆ ಐವತ್ತು ಮಕ್ಕಳನ್ನು ನೋಡಿಕೊಳ್ಳಲಾಗದಿದ್ದರೆ ಮೂವತ್ತು ಮಕ್ಕಳಿಗೆ ಕೊಡಿ, ಆದರೆ ಆ ಮೂವತ್ತಕ್ಕೆ ಬಾಡಿಗೆಯಿಂದ ಹಿಡಿದು ಮೇಲ್ವಿಚಾರಣೆಯವರೆಗೆ ಎಲ್ಲ ಸೇರಿರಲಿ. ಒಂದು ಮಗು ಎಳೆಗೂಸಾಗಿ ಬಂದು ಶಾಲೆಗೆ ಹೋಗುವಷ್ಟು ಕಾಲವಾದರೂ ಜೊತೆಗಿರಿ, ಎಂದರೆ ಐದು ವರ್ಷ. ಇದು ಅತಿಯಾಸೆಯಲ್ಲ. ಫೋರ್ಡ್ ಪ್ರತಿಷ್ಠಾನ 2016ರಿಂದ ಬಿಲ್ಡ್ ಎಂಬ ಕಾರ್ಯಕ್ರಮದಲ್ಲಿ ನೂರು ಕೋಟಿ ಡಾಲರ್ ತೆಗೆದಿಟ್ಟು, ಮುನ್ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಐದು ವರ್ಷದ, ಸಂಸ್ಥೆಯೇ ತೀರ್ಮಾನಿಸಿ ಬಳಸಬಹುದಾದ ಹಣ ಕೊಟ್ಟಿತು. 2020ರಲ್ಲಿ ಕೋವಿಡ್ ಬಂದಾಗ ನೂರಾರು ಪ್ರತಿಷ್ಠಾನಗಳು ಷರತ್ತುಗಳನ್ನು ಸಡಿಲಿಸುವುದಾಗಿ ಸಹಿ ಹಾಕಿದವು. ಆಗ ಸಾಧ್ಯವಾದದ್ದು ಸಾಧಾರಣ ದಿನಗಳಲ್ಲೂ ಸಾಧ್ಯ.

ಸಂಸ್ಥೆ ಒಂದಿಷ್ಟು ಇಡುಗಂಟು ಮಾಡಿಕೊಳ್ಳಲು ಬಿಡಿ. ವರ್ಷದ ಕೊನೆಗೆ ಉಳಿದ ಹಣವನ್ನು ವಾಪಸು ಕೇಳುವ ಷರತ್ತಿನಿಂದ ನಾವು ಮಾರ್ಚಿನಲ್ಲೋ ಡಿಸೆಂಬರಿನಲ್ಲೋ ಬೇಡದ ಸಾಮಾನು ಕೊಳ್ಳುತ್ತೇವೆ, ಮುಂದಿನ ತಿಂಗಳು ಸಂಬಳಕ್ಕೆ ಪರದಾಡುತ್ತೇವೆ. ಆರು ತಿಂಗಳ ಸಂಬಳದಷ್ಟು ಮೀಸಲು ಇದ್ದಿದ್ದರೆ ಆ ಮಗು ಸ್ಟೂಲು ಎಳೆಯಬೇಕಾಗಿರಲಿಲ್ಲ. ಮೀಸಲು ನಿಧಿ ಎಂದರೆ ಸಂಸ್ಥೆಗೆ ಹಣದ ಅಗತ್ಯವಿಲ್ಲ ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ವಾದಿಸಿದರೆ ದಯವಿಟ್ಟು ಅವರಿಗೆ ಇದನ್ನು ಹೇಳಿ.

ಬಿಟ್ಟುಹೋಗುವ ದಿನ ಬಂದರೆ, ಅದು ಬರುತ್ತದೆ ಎಂದು ನಮಗೂ ಗೊತ್ತು, ಎರಡು ವರ್ಷ ಮೊದಲು ತಿಳಿಸಿ. ಆ ಎರಡು ವರ್ಷದಲ್ಲಿ ಮುಂದೆ ಹಣ ಕೊಡಬಲ್ಲವರ ಹತ್ತಿರ ನಮ್ಮನ್ನು ನೀವೇ ಕರೆದುಕೊಂಡು ಹೋಗಿ. ವಿಲ್ಲಾ ಚೆಲ್ಲಾದ ತಾಯಂದಿರು ನಗರಸಭೆಯ ಬಾಗಿಲು ತಟ್ಟಿದ ಹಾಗೆ ನಾವು ಸರ್ಕಾರದ ಬಾಗಿಲು ತಟ್ಟುತ್ತಲೇ ಇದ್ದೇವೆ. ನಮ್ಮ ಧ್ವನಿಗೆ ತೆರೆಯದ ಬಾಗಿಲು ನಿಮ್ಮ ಧ್ವನಿಗೆ ತೆರೆಯುತ್ತದೆ. ಅನುದಾನ ಮಂಜೂರು ಮಾಡುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇನ್ನೂ ಸಣ್ಣದು: ಒಪ್ಪಿದ ಹಣವನ್ನು ಒಪ್ಪಿದ ತಿಂಗಳು ಕಳಿಸಿ. ಖರ್ಚು ಮಾಡಿ ಬಿಲ್ಲು ಕೊಡಿ, ಆಮೇಲೆ ಪಾವತಿಸುತ್ತೇವೆ ಎನ್ನುವುದು ಕಟ್ಟಡ ಕಟ್ಟುವ ಗುತ್ತಿಗೆದಾರರಿಗೆ ನಡೆಯಬಹುದು. ಕೈಯಲ್ಲಿ ಬಂಡವಾಳವಿಲ್ಲದ ಸಂಸ್ಥೆ ಅಷ್ಟು ದಿನ ಸಂಬಳವನ್ನು ಎಲ್ಲಿಂದ ತರಬೇಕು?

ಈ ಪತ್ರ ಬರೆಯುತ್ತಿರುವ ಮೇಜಿನ ಮೇಲೆ ನಾಲ್ಕು ಶಿಕ್ಷಕಿಯರ ನೇಮಕಾತಿ ಪತ್ರಗಳಿವೆ. ಹೆಸರು ಬರೆದಾಗಿದೆ, ಸಂಬಳ ಬರೆದಾಗಿದೆ. ‘ಇಂದಿನಿಂದ ಇಲ್ಲಿಯವರೆಗೆ’ ಎಂಬಲ್ಲಿ ಎರಡನೇ ದಿನಾಂಕದ ಜಾಗ ಖಾಲಿ ಬಿಟ್ಟಿದ್ದೇನೆ. ಅವರಲ್ಲಿ ಇಬ್ಬರು ನಿನ್ನೆ ಬಂದು ಕೇಳಿದರು, ಸೋಮವಾರದೊಳಗೆ ಹೇಳುತ್ತೇನೆ ಎಂದಿದ್ದೇನೆ. ಅಲ್ಲಿ ಹನ್ನೊಂದು ತಿಂಗಳು ಎಂದು ಬರೆಯಬೇಕೋ ಐದು ವರ್ಷ ಎಂದು ಬರೆಯಬೇಕೋ, ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಗೌರವದಿಂದ,
ಪುಟ್ಟ ಮಕ್ಕಳ ಸಂಸ್ಥೆಗಳ ಲೆಕ್ಕ ಬರೆಯುವವನು